ಗಡ್ಡೆಯೊಳಗಿನ ಹರಳು

ದೊಡ್ಡಮ್ಮನ ಬಲಗಿವಿಯ ಮುಂದೆ, ದವಡೆ ಆಡುವ ಸಂದಿನ ಮೇಲೆಯೇ, ಒಂದು ಗಂಟು ಎದ್ದು ಎರಡು ವರ್ಷವಾಗಿತ್ತಂತೆ. ನಮಗೆ ತಿಳಿದದ್ದು ಒಂದು ಮದುವೆಯ ಫೋಟೋದಿಂದ. ಶಿರೂರಿನ ಮನೆಯ ಜಗಲಿಯಲ್ಲಿ ಕೂತು ಆಲ್ಬಂ ಮಗುಚುತ್ತಿದ್ದಾಗ ಅಕ್ಕ ಕೇಳಿದಳು, ದೊಡ್ಡಮ್ಮನ ಕೆನ್ನೆ ಒಂದು ಬದಿ ಉಬ್ಬಿದ ಹಾಗೆ ಕಾಣುವುದಿಲ್ಲವಾ ಎಂದು. ಎಲೆಅಡಿಕೆ ಒತ್ತರಿಸಿಕೊಂಡಿರಬೇಕು ಅಂದುಕೊಂಡೆವು. ಉಳಿದ ಫೋಟೋಗಳಲ್ಲೂ ಹಾಗೆಯೇ ಇತ್ತು. ಆಮೇಲೆ ಒಂದೊಂದೇ ನೆನಪಾಯಿತು: ಅಡಿಕೆಯನ್ನು ಈಗೀಗ ಕುಟ್ಟಾಣಿಯಲ್ಲಿ ಕುಟ್ಟಿ ಹಾಕಿಕೊಳ್ಳುತ್ತಿದ್ದದ್ದು, ಉಣ್ಣುವಾಗ ಎಡಬದಿಯಲ್ಲೇ ಅಗಿಯುತ್ತಿದ್ದದ್ದು, ಟೀವಿಯ ದನಿ ಜೋರು ಮಾಡು ಎನ್ನುತ್ತಿದ್ದದ್ದು, ಸೆರಗು ಸದಾ ಬಲಗೆನ್ನೆಗೆ ಬಂದು ಕೂರುತ್ತಿದ್ದದ್ದು.

“ಎಂತದೂ ಇಲ್ಲ ಮಗಾ, ಒಂದ್ ಗಂಟ್. ನೋವ್ ಜೋರಿಲ್ಲ,” ಅಂದರು ದೊಡ್ಡಮ್ಮ.

ಎಪ್ಪತ್ತಾರು ವರ್ಷದ ಜೀವ, ಅರ್ಧ ಶತಮಾನ ಹೊಗೆಸೊಪ್ಪು ಸೇರಿಸಿ ಎಲೆಅಡಿಕೆ ಹಾಕಿದ ಬಾಯಿ, ದವಡೆಯ ಹತ್ತಿರ ಗಂಟು. ಮನೆಯಲ್ಲಿ ಯಾರೂ ಆ ಶಬ್ದವನ್ನು ಬಾಯಿಬಿಟ್ಟು ಹೇಳಲಿಲ್ಲ. ನಮ್ಮ ಕಡೆ ಕ್ಯಾನ್ಸರನ್ನು ಹೆಸರು ಹಿಡಿದು ಕರೆಯುವವರು ಈಗಲೂ ಕಡಿಮೆ. “ಆ ಕಾಯಿಲೆ” ಎನ್ನುತ್ತೇವೆ, ಮಕ್ಕಳು ಹತ್ತಿರ ಇದ್ದರೆ ಅದನ್ನೂ ಎನ್ನುವುದಿಲ್ಲ. ಸ್ಕ್ಯಾನಿಂಗ್ ಆಯಿತು. ದವಡೆಯ ಸಂದಿನ ಸುತ್ತ ಸುಣ್ಣದಂಥ ಪದಾರ್ಥ ತುಂಬಿದ ಗಡ್ಡೆ ಇದೆ, ಪಕ್ಕದ ಎಲುಬು ಅಲ್ಲಲ್ಲಿ ಸವೆದಿದೆ ಎಂದು ವರದಿ ಬಂತು. ಎರಡು ವರ್ಷ ದೊಡ್ಡಮ್ಮ ಗಂಟು ಎಂದು ಕರೆದುಕೊಂಡು ಬಂದದ್ದು ಒಂದು ಹಾಳೆ ಕಾಗದದಿಂದ ಗಡ್ಡೆಯಾಯಿತು. ಗಂಟು ಎಂದರೆ ಬಿಚ್ಚಬಹುದು ಎಂಬ ಧೈರ್ಯ ಆ ಶಬ್ದದಲ್ಲೇ ಇದೆ. ಗಡ್ಡೆ ಹಾಗಲ್ಲ, ಮಣ್ಣಿನೊಳಗೆ ಕಾಣದೆ ಬೆಳೆಯುತ್ತದೆ.

ಒಂದು ಕಡೆ ಸಣ್ಣ ತುಂಡು ತೆಗೆದು ಪರೀಕ್ಷೆಗೆ ಕಳಿಸಿದರು. ಮೃದ್ವಸ್ಥಿಯ, ಅಂದರೆ ಎಲುಬಿನ ತುದಿಯ ಮೆತ್ತನೆಯ ಪದರದ ಜೀವಕೋಶಗಳು ಕಾಣುತ್ತಿವೆ, ಅವುಗಳ ರೂಪ ಸಹಜವಾಗಿಲ್ಲ, ಕ್ಯಾನ್ಸರ್ ಅಲ್ಲವೆಂದು ಹೇಳಲಾಗದು ಎಂಬ ಉತ್ತರ ಬಂತು. ದವಡೆಯ ಒಂದು ಭಾಗವನ್ನೇ ತೆಗೆಯಬೇಕಾದೀತು ಎಂಬ ಮಾತೂ ಬಂತು. ಆ ಉತ್ತರಕ್ಕೂ ಮುಂದಿನ ಉತ್ತರಕ್ಕೂ ನಡುವೆ ಹದಿನೆಂಟು ದಿನ. ಆ ದಿನಗಳಲ್ಲಿ ಮನೆಯಲ್ಲಿ ಅಡುಗೆ ಆಗುತ್ತಿತ್ತು, ದನಕ್ಕೆ ಹುಲ್ಲು ಬೀಳುತ್ತಿತ್ತು, ದೀಪ ಹಚ್ಚುತ್ತಿದ್ದೆವು. ದೊಡ್ಡಮ್ಮ ಮಾತ್ರ ಕಪಾಟಿನ ಸೀರೆಗಳನ್ನು ಒಂದೊಂದಾಗಿ ತೆಗೆದು, ಇದು ಇಂಥವಳಿಗೆ, ಅದು ಅಂಥವಳಿಗೆ ಎಂದು ಬೇರೆ ಬೇರೆ ಕಟ್ಟಿಡುತ್ತಿದ್ದರು. ನಾವು ಕಂಡೂ ಕಾಣದವರಂತೆ ಇದ್ದೆವು. ಅದನ್ನು ನೆನೆದರೆ ಇವತ್ತೂ ಗಂಟಲು ಕಟ್ಟುತ್ತದೆ.

ಎರಡನೆಯ ಅಭಿಪ್ರಾಯ ಕೇಳೋಣವೆಂದು ಬೇರೊಂದು ಆಸ್ಪತ್ರೆಗೆ ಹೊರಟ ದಿನ ಬೆಳಿಗ್ಗೆ ಮಳೆ. ಒತ್ತಿನೆಣೆ ಇಳಿದು ಬೈಂದೂರು, ಉಪ್ಪುಂದ, ನಾವುಂದ ದಾಟುವವರೆಗೆ ದೊಡ್ಡಮ್ಮ ಮಾತಾಡಲಿಲ್ಲ. ಮರವಂತೆಯಲ್ಲಿ ಬಸ್ಸಿನ ಬಲಗಡೆ ಸಮುದ್ರ, ಎಡಗಡೆ ಸೌಪರ್ಣಿಕೆ. ಆ ರಸ್ತೆಯಲ್ಲಿ ಎಷ್ಟು ಸಲ ಹೋಗಿದ್ದರೂ ಎರಡೂ ಬದಿ ನೋಡದೆ ಇರಲು ಆಗುವುದಿಲ್ಲ. ಅವರೂ ನೋಡಿದರು.

ಅಲ್ಲಿನ ಪೆಥಾಲಜಿ ವಿಭಾಗದ ವೈದ್ಯೆ ವರದಿಯನ್ನು ಓದಿ ಕೇಳಿದ ಮೊದಲ ಪ್ರಶ್ನೆ, “ಈ ತುಂಡು ಸಂದಿನ ಹತ್ತಿರದ್ದಾ?” ಎಂಬುದು. ಹೌದು ಎಂದೆವು. “ಅದನ್ನು ಯಾರೂ ಬರೆದಿಲ್ಲವಲ್ಲ” ಎಂದರು. ಡಬ್ಬಿಯ ಜೊತೆ ಹೋದ ಚೀಟಿಯಲ್ಲಿ ಮುಖದ ಗಡ್ಡೆ ಎಂದಷ್ಟೇ ಇತ್ತು. ಆ ಒಂದು ಪ್ರಶ್ನೆಯಿಂದ ಎಲ್ಲ ಬೇರೆ ದಾರಿ ಹಿಡಿಯಿತು.

ನಡೆದದ್ದು ಇಷ್ಟು. ಎಲುಬು ಅಥವಾ ಸುಣ್ಣ ಸೇರಿದ ಗಟ್ಟಿ ತುಂಡನ್ನು ಹಾಗೆಯೇ ತೆಳ್ಳಗೆ ಕೊಯ್ಯಲು ಬರುವುದಿಲ್ಲ, ಬ್ಲೇಡು ಜಾರುತ್ತದೆ. ಅದಕ್ಕಾಗಿ ಮೊದಲು ಆಮ್ಲದಲ್ಲಿ ನೆನೆಸಿ ಮೆದು ಮಾಡುತ್ತಾರೆ. ಎಲ್ಲ ಕಡೆ ಇರುವ ರೂಢಿ ಅದು, ತಪ್ಪೇನಲ್ಲ. ಆದರೆ ಆ ಆಮ್ಲ ಸುಣ್ಣವನ್ನು ಕರಗಿಸುವಾಗ ದೊಡ್ಡಮ್ಮನ ಗಂಟಿನ ಮುಖ್ಯ ಸಾಕ್ಷಿಯನ್ನೂ ಕರಗಿಸಿತ್ತು. ಉಳಿದದ್ದು ಖಾಲಿ ಗೂಡುಗಳು, ಅವುಗಳ ಸುತ್ತ ಗಾಬರಿಗೊಂಡು ರೂಪ ಬದಲಿಸಿದ ಮೃದ್ವಸ್ಥಿಯ ಜೀವಕೋಶಗಳು. ಅವನ್ನಷ್ಟೇ ನೋಡಿದವರಿಗೆ ಕಾಂಡ್ರೊಸಾರ್ಕೋಮ ಎಂಬ ಮೃದ್ವಸ್ಥಿಯ ಕ್ಯಾನ್ಸರಿನ ಸಂಶಯ ಬರುವುದು ಸಹಜ. ಅದೃಷ್ಟಕ್ಕೆ ಆಮ್ಲಕ್ಕೆ ಹಾಕದ ಒಂದು ಚೂರು ಉಳಿದಿತ್ತು. ಅದನ್ನು ಕೊಯ್ದು ಧ್ರುವೀಕೃತ ಬೆಳಕಿನ ಕೆಳಗಿಟ್ಟರು.

ಮಾನಿಟರಿನ ಮೇಲೆ ಮೊದಲು ಕತ್ತಲೆ ಇತ್ತು. ವೈದ್ಯೆ ಕೆಳಗಿನ ಒಂದು ಚಕ್ರವನ್ನು ಮೆಲ್ಲಗೆ ತಿರುಗಿಸಿದರು. ಕತ್ತಲೆಯಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕಿ ಬೆಳಗಿತು, ಆಮೇಲೆ ಗುಂಪುಗುಂಪಾಗಿ. ಶಂಕರಪೋಳಿಯ ಹಾಗೆ ಓರೆಯಾಗಿ ಕೊಯ್ದ ನಾಲ್ಕು ಮೂಲೆಯ ಪುಟ್ಟ ಹರಳುಗಳು, ಕೆಲವು ತಿಳಿನೀಲಿ, ಕೆಲವು ತಿಳಿಹಳದಿ. ಕ್ಯಾಲ್ಸಿಯಂ ಪೈರೊಫಾಸ್ಫೇಟ್ ಎಂದರು.

ಧ್ರುವೀಕೃತ ಬೆಳಕು ಎಂದರೆ ದೊಡ್ಡ ರಹಸ್ಯವಲ್ಲ. ನೀರಿನ ಮೇಲಿನ ಹೊಳಪು ಕಣ್ಣಿಗೆ ಹೊಡೆಯದ ಹಾಗೆ ಹಾಕಿಕೊಳ್ಳುವ ಪೋಲರಾಯ್ಡ್ ಕನ್ನಡಕವಿದೆಯಲ್ಲ, ಅದರ ಎರಡು ಗಾಜುಗಳನ್ನು ಒಂದರ ಮೇಲೊಂದು ಅಡ್ಡಡ್ಡ ಇಟ್ಟರೆ ಬೆಳಕು ಪೂರ್ತಿ ನಿಲ್ಲುತ್ತದೆ. ಅವೆರಡರ ನಡುವೆ ಸಕ್ಕರೆಯ ಒಂದು ಹರಳಿಟ್ಟರೆ ಅದು ಬೆಳಕನ್ನು ತಿರುಚಿ ಹೊಳೆಯುತ್ತದೆ. ಉಪ್ಪಿನ ಹರಳಿಟ್ಟರೆ ಹೊಳೆಯುವುದಿಲ್ಲ, ಏಕೆಂದರೆ ಉಪ್ಪು ಎಲ್ಲ ದಿಕ್ಕಿಗೂ ಒಂದೇ ಥರ ಕಟ್ಟಿಕೊಂಡ ಘನ. ಮನೆಯಲ್ಲೇ ಮಾಡಿ ನೋಡಬಹುದಾದದ್ದು ಇದು, ಶಾಲೆಯ ಮಕ್ಕಳಿಗೆ ತೋರಿಸಿದರೆ ಅವರು ಬಿಡುವುದೇ ಇಲ್ಲ. ಪೈರೊಫಾಸ್ಫೇಟ್ ಹರಳು ಹೊಳೆಯುತ್ತದೆ, ಆದರೆ ಮಂಕಾಗಿ. ಹುಡುಕಬೇಕು ಎಂದು ಮನಸ್ಸಿನಲ್ಲಿ ಇಟ್ಟುಕೊಂಡವರಿಗೆ ಮಾತ್ರ ಸಿಗುತ್ತದೆ.

ಗೌಟ್ ಎಂಬ ಸಂದುನೋವಿನ ಹೆಸರು ಎಲ್ಲರಿಗೂ ಗೊತ್ತು. ಅದರ ಹರಳು ಯೂರಿಕ್ ಆಮ್ಲದ್ದು, ಸೂಜಿಯಂತೆ ಚೂಪು, ಈ ಬೆಳಕಿನಲ್ಲಿ ಪ್ರಖರ. ಹಾಲೆಂಡಿನ ಲೇವೆನ್‌ಹುಕ್ 1679ರಷ್ಟು ಹಿಂದೆಯೇ ತಾನು ಕಟ್ಟಿದ ಮಸೂರದಲ್ಲಿ ಗೌಟಿನ ಗಂಟಿನಿಂದ ತೆಗೆದ ಆ ಸೂಜಿಗಳನ್ನು ನೋಡಿ ಬರೆದಿಟ್ಟಿದ್ದ. ಅದರ ದಾಯಾದಿಯಾದ ಈ ಇನ್ನೊಂದು ಹರಳು ಸಿಕ್ಕಲು ಮತ್ತೆ ಮುನ್ನೂರು ವರ್ಷ ಹತ್ತಿರ ಹತ್ತಿರ ಬೇಕಾಯಿತು. ಅಮೆರಿಕದ ಡೇನಿಯಲ್ ಮೆಕಾರ್ಟಿ ಮತ್ತು ಹಾಲೆಂಡರ್ 1961ರಲ್ಲಿ ಊದಿದ ಸಂದುಗಳಿಂದ ನೀರು ತೆಗೆದು ಧ್ರುವೀಕೃತ ಬೆಳಕಿನಲ್ಲಿ ನೋಡುತ್ತಾ ಹೋದರು. ಯೂರಿಕ್ ಆಮ್ಲವನ್ನು ಜೀರ್ಣಿಸುವ ಕಿಣ್ವ ಹಾಕಿದರೂ ಕೆಲವರ ಹರಳು ಕರಗಲಿಲ್ಲ. ಕರಗದ ಆ ಹರಳನ್ನು ಮೆಕಾರ್ಟಿ ಮತ್ತು ಸಂಗಡಿಗರು ಎಕ್ಸ್-ಕಿರಣಗಳಿಂದ ಗುರುತಿಸಿ 1962ರಲ್ಲಿ ಈ ರೋಗಕ್ಕೆ ಸೂಡೊಗೌಟ್, ಅಂದರೆ ಹುಸಿ ಗೌಟ್, ಎಂದು ಹೆಸರಿಟ್ಟರು. ಹರಳೇ ಉರಿಯೂತಕ್ಕೆ ಕಾರಣವೋ ಅಲ್ಲವೋ ಎಂಬ ಅನುಮಾನ ಬಗೆಹರಿಸಲು ಮೆಕಾರ್ಟಿ ಮತ್ತು ಅವರ ಜೊತೆಗಾರ ಫೇರ್ಸ್ ಯೂರೇಟ್ ಹರಳುಗಳನ್ನು ತಮ್ಮದೇ ಮಂಡಿಗಳಿಗೆ ಚುಚ್ಚಿಕೊಂಡು ನೋವು ತಿಂದರು. ಅತ್ತ ಸ್ಲೊವಾಕಿಯಾದಲ್ಲಿ ಝಿಟ್ನಾನ್ ಮತ್ತು ಸಿತಾಯ್ ಎಂಬ ವೈದ್ಯರು 1958ರಲ್ಲೇ, ಕೆಲವು ಕುಟುಂಬಗಳಲ್ಲಿ ಸಂದಿನ ಮೃದ್ವಸ್ಥಿಯೊಳಗೆ ಸುಣ್ಣ ಕೂರುವುದನ್ನು ಎಕ್ಸ್-ರೇಯಲ್ಲಿ ಕಂಡು ವರದಿ ಮಾಡಿದ್ದರು.

ಈ ಹರಳು ಸಾಮಾನ್ಯವಾಗಿ ಮಂಡಿಯಲ್ಲಿ, ಮಣಿಕಟ್ಟಿನಲ್ಲಿ ತೆಳುವಾಗಿ ಕೂತಿರುತ್ತದೆ. ಅಪರೂಪಕ್ಕೆ ಒಂದೇ ಕಡೆ ರಾಶಿ ಬಿದ್ದು ಗಡ್ಡೆಯ ರೂಪ ತಾಳುತ್ತದೆ. ದವಡೆಯ ಸಂದಿನಲ್ಲಿ ಹಾಗಾದದ್ದನ್ನು ಪ್ರಿಟ್ಜ್‌ಕರ್ ಮತ್ತು ಸಂಗಡಿಗರು 1976ರಲ್ಲಿ ಹುಸಿಗಡ್ಡೆ ಎಂದು ವರ್ಣಿಸಿದರು. 1989ರಲ್ಲಿ ಸಿಸನ್ಸ್ ಮತ್ತಿತರರು ಇಂಥವನ್ನು ಒಟ್ಟುಗೂಡಿಸಿ, ಗಡ್ಡೆಯಂತೆ ಕಾಣುವ ಪೈರೊಫಾಸ್ಫೇಟ್ ರೋಗ ಎಂಬ ಹೆಸರಿನಲ್ಲಿ ಬರೆದರು. ದವಡೆ, ಬೆರಳು, ಕತ್ತಿನ ಬೆನ್ನೆಲುಬು, ಸೊಂಟದ ಸಂದು ಹೀಗೆ ಎಲ್ಲಾದರೂ ಬರಬಹುದು. ದವಡೆಯದ್ದು ಮೇಲಕ್ಕೆ ತಲೆಬುರುಡೆಯ ತಳದವರೆಗೂ ಒತ್ತಬಹುದು, ಕಿವಿ ಮಂದವಾಗಬಹುದು, ಲಾಲಾಗ್ರಂಥಿಯ ಗಡ್ಡೆಯೆಂದು ತಪ್ಪು ತಿಳಿಯಬಹುದು. ಟೀವಿಯ ದನಿಯ ವಿಷಯ ನಮಗೆ ಆಗ ಅರ್ಥವಾಯಿತು.

ಹರಳು ಯಾಕೆ ಕಟ್ಟುತ್ತದೆ? ನಾನು ಉಪ್ಪಿನ ಗದ್ದೆ ನೆನೆದು ಅರ್ಥ ಮಾಡಿಕೊಂಡೆ. ಗೋಕರ್ಣದ ಬಳಿಯ ಸಾಣಿಕಟ್ಟೆಯಲ್ಲಿ ಬಿಸಿಲಿಗೆ ನೀರು ಇಂಗಿ, ಇನ್ನು ಹೊರಲಾರೆ ಎಂಬಷ್ಟು ಉಪ್ಪಾದಾಗ ಹರಳು ತಾನಾಗಿ ಕೂರುತ್ತದೆ. ನಮ್ಮ ಕುಂದಾಪುರದ ಉಪ್ಪಿನಕುದ್ರುವಿನ ಹೆಸರಿನಲ್ಲೇ ಉಪ್ಪಿದೆ. ಜೋನಿಬೆಲ್ಲದ ಹಳೆಯ ಕೊಡದ ತಳದಲ್ಲೂ ಅದೇ ಕೆಲಸ, ವರ್ಷ ಕಳೆದರೆ ತಳದಲ್ಲಿ ಸಕ್ಕರೆ ಹರಳು. ಸಂದಿನೊಳಗೂ ಮೃದ್ವಸ್ಥಿಯ ಜೀವಕೋಶಗಳು ಪೈರೊಫಾಸ್ಫೇಟನ್ನು ಹೊರಗೆ ಬಿಡುತ್ತಿರುತ್ತವೆ. ಅದು ಹೆಚ್ಚಾಗಿ ಕ್ಯಾಲ್ಸಿಯಂ ಜೊತೆ ಸೇರಿದಾಗ ಹರಳಾಗುತ್ತದೆ. ವಯಸ್ಸು ಇದರ ಮೊದಲ ಕಾರಣ, ಅರವತ್ತರ ಒಳಗೆ ಕಡಿಮೆ. ಹಿಂದೆಂದೋ ಪೆಟ್ಟು ತಿಂದ ಸಂದಿಗೆ ಬೇಗ. ಕತ್ತಿನ ಪ್ಯಾರಾಥೈರಾಯ್ಡ್ ಗ್ರಂಥಿ ಅತಿಯಾಗಿ ದುಡಿದರೆ, ಮೈಯಲ್ಲಿ ಕಬ್ಬಿಣ ಮಿತಿಮೀರಿ ಸೇರಿದರೆ, ಮೆಗ್ನೀಸಿಯಂ ಇಳಿದರೆ ಚಿಕ್ಕ ವಯಸ್ಸಿನವರಿಗೂ ಬರುತ್ತದೆ. ಅಂಥವರ ರಕ್ತದಲ್ಲಿ ಇವನ್ನು ನೋಡಲೇಬೇಕು.

ಇಲ್ಲಿ ಮೀನಿನ ಮಾತು ಬರುತ್ತದೆ, ಅದನ್ನು ಬಿಡಲಾರೆ. ದೊಡ್ಡಮ್ಮನಿಗೆ ವರ್ಷಕ್ಕೊಮ್ಮೆಯಾದರೂ ಇದ್ದಕ್ಕಿದ್ದಂತೆ ಮಂಡಿಯೋ ಮಣಿಕಟ್ಟೋ ಕೆಂಪಾಗಿ ಊದಿ, ವಾರ ಎರಡು ವಾರ ನೆಲಕ್ಕೆ ಕಾಲಿಡಲು ಆಗುತ್ತಿರಲಿಲ್ಲ. ಒಮ್ಮೆ ಕಣ್ಣಿನ ಪೊರೆ ತೆಗೆಸಿದ ಮರುದಿನವೇ ಹಾಗಾಗಿತ್ತು. ಕರ್ನಾಟಕದಲ್ಲಿ 2006ರ ಚಿಕೂನ್‌ಗುನ್ಯದ ನಂತರ ನಮ್ಮಲ್ಲಿ ಎಲ್ಲ ಸಂದುನೋವೂ ಅದರ ಲೆಕ್ಕಕ್ಕೆ ಹೋಯಿತು. ಆಮೇಲೆ ಯಾರೋ ಇದು ಯೂರಿಕ್ ಆಸಿಡ್ ಇರಬೇಕು, ಮೀನು ಬಿಡಿ ಅಂದರು. ಅಳ್ವೆಗದ್ದೆಯ ದೋಣಿಗಳ ಮೀನು ಬಾಗಿಲಿಗೆ ಬರುವ ಊರಿನಲ್ಲಿ ಅವರು ಎಂಟು ವರ್ಷ ಬೈಗೆ ಮುಟ್ಟಲಿಲ್ಲ, ಬಂಗುಡೆ ಮುಟ್ಟಲಿಲ್ಲ. ಗೌಟಿನವರಿಗೆ ಆ ಪಥ್ಯ ಸರಿ, ಬೈಗೆಯಲ್ಲಿ ಯೂರಿಕ್ ಆಮ್ಲಕ್ಕೆ ಕಾರಣವಾಗುವ ಪ್ಯೂರಿನ್ ನಿಜಕ್ಕೂ ಹೆಚ್ಚು. ಆದರೆ ಪೈರೊಫಾಸ್ಫೇಟ್ ಹರಳಿಗೂ ತಿನ್ನುವ ಮೀನಿಗೂ ಸಂಬಂಧವಿಲ್ಲ, ಹುಳಿಗೂ ಇಲ್ಲ, ಬದನೆಗೂ ಇಲ್ಲ. ವೈದ್ಯೆ ಮಂಡಿಯ ಹಳೆಯ ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು, ಎರಡು ಎಲುಬುಗಳ ನಡುವಿನ ಖಾಲಿ ಜಾಗದಲ್ಲಿ ಪೆನ್ಸಿಲಿನಿಂದ ಎಳೆದಷ್ಟು ತೆಳುವಾದ ಬಿಳಿ ಗೆರೆಯನ್ನು ತೋರಿಸಿದರು. ಇದೇ ಹರಳಿನ ಗೆರೆ ಅದು, ಅಷ್ಟೂ ವರ್ಷ ಅಲ್ಲೇ ಇತ್ತು.

ಕ್ಯಾನ್ಸರ್ ಅಲ್ಲ ಎಂದು ಹೇಳಿದಾಗ ದೊಡ್ಡಮ್ಮ ಸುಮ್ಮನೆ ಕೈ ಮುಗಿದರು. ಮೀನು ತಿನ್ನಬಹುದು ಎಂದಾಗ ಅತ್ತರು.

ಯೂರಿಕ್ ಆಮ್ಲದ ಹರಳನ್ನು ಮಾತ್ರೆಯಿಂದ ಕರಗಿಸಬಹುದು. ಪೈರೊಫಾಸ್ಫೇಟನ್ನು ಕರಗಿಸುವ ಔಷಧಿ ಇವತ್ತಿಗೂ ಇಲ್ಲ. ಊದಿದಾಗ ಸಂದಿನ ನೀರು ತೆಗೆಯುವುದು, ಸ್ಟಿರಾಯ್ಡ್ ಚುಚ್ಚುವುದು, ಉರಿಯೂತ ಇಳಿಸುವ ಮಾತ್ರೆ ಕೊಡುವುದು, ಇಷ್ಟೇ. ಗಡ್ಡೆಯಾಗಿ ಬೆಳೆದು ಒತ್ತುತ್ತಿದ್ದರೆ ಶಸ್ತ್ರಚಿಕಿತ್ಸೆ. ದೊಡ್ಡಮ್ಮನಿಗೆ ಅದನ್ನೇ ಮಾಡಿದರು, ದವಡೆ ಉಳಿಸಿಕೊಂಡು. ತೆಗೆದದ್ದು ನೆನೆಸಿದ ಸೀಮೆಸುಣ್ಣದ ಪುಡಿಯ ಹಾಗಿತ್ತಂತೆ. ಮತ್ತೆ ಬರಬಹುದು, ಆಗಾಗ ತೋರಿಸಬೇಕು ಎಂದಿದ್ದಾರೆ.

ಮಾತ್ರೆಗಳಲ್ಲಿ ಒಂದು ಕಾಲ್ಚಿಸಿನ್. ಅದರ ಪೊಟ್ಟಣ ಹಿಡಿದುಕೊಂಡು ಊರಿಗೆ ಬಂದ ದಿನ ಚೌತಿಗೆ ಎರಡು ದಿನ ಇತ್ತು. ನಮ್ಮ ಬೇಲಿಯ ಮೇಲೆ ಬೆಂಕಿ ನಾಲಗೆಯಂಥ ಕೆಂಪು ಹಳದಿ ಎಸಳಿನ ಗೌರಿಹೂ ಅರಳಿತ್ತು. ಅಗ್ನಿಶಿಖೆ, ಅಕ್ಕತಂಗಿ ಬಳ್ಳಿ ಎಂದೆಲ್ಲ ಕರೆಯುವುದು ಅದನ್ನೇ. ಎಲೆಯ ತುದಿ ಸುರುಳಿಯಾಗಿ ಸಿಕ್ಕಿದ್ದನ್ನು ಹಿಡಿದುಕೊಂಡು ಏರುತ್ತದೆ. ಆ ಬಳ್ಳಿಯ ಗೆಡ್ಡೆಯಲ್ಲೂ ಬೀಜದಲ್ಲೂ ಇರುವುದು ಇದೇ ಕಾಲ್ಚಿಸಿನ್. ತಮಿಳುನಾಡಿನಲ್ಲಿ ಬೀಜಕ್ಕಾಗಿ ಅದನ್ನು ಹೊಲದಲ್ಲಿ ಬೆಳೆಯುತ್ತಾರೆ. ಅರ್ಧ ಮಿಲಿಗ್ರಾಮಿನ ಮಾತ್ರೆಯಲ್ಲಿ ನೋವು ಇಳಿಸುವ ವಸ್ತು, ಗೆಡ್ಡೆಯಾಗಿ ಹೊಟ್ಟೆಗೆ ಹೋದರೆ ಜೀವ ತೆಗೆಯುತ್ತದೆ. ಗೆಣಸೆಂದು ತಿಳಿದು ತಿಂದು ಸತ್ತವರಿದ್ದಾರೆ. ಸಂದುನೋವಿಗೆ ಗೌರಿಹೂವಿನ ಗೆಡ್ಡೆ ತೇಯ್ದು ಕುಡಿಯಿರಿ ಎಂದು ಯಾರಾದರೂ ಹೇಳಿದರೆ ಖಂಡಿತ ಕೇಳಬೇಡಿ. ಮದ್ದಿಗೂ ವಿಷಕ್ಕೂ ನಡುವಿನ ಅಂತರ ಇದರಲ್ಲಿ ತೀರ ಕಡಿಮೆ.

ಇನ್ನೊಂದನ್ನೂ ಒತ್ತಿ ಹೇಳಬೇಕು. ದೊಡ್ಡಮ್ಮನದ್ದು ಅಪರೂಪದ ಪ್ರಕರಣ. ಎಲೆಅಡಿಕೆ ಹೊಗೆಸೊಪ್ಪು ಹಾಕುವವರ ಬಾಯಿಯ ಹುಣ್ಣು, ದವಡೆಯ ಊತ ಹೆಚ್ಚಾಗಿ ಹೆದರಬೇಕಾದದ್ದೇ. ಅವರು ಎರಡು ವರ್ಷ ಸೆರಗಿನಲ್ಲಿ ಮುಚ್ಚಿಟ್ಟದ್ದು ತಪ್ಪು, ನಾವು ಎರಡು ವರ್ಷ ಮುಖ ಎತ್ತಿ ನೋಡದೆ ಇದ್ದದ್ದು ಅದಕ್ಕಿಂತ ದೊಡ್ಡ ತಪ್ಪು. ಮಣಿಪಾಲದಲ್ಲಿ 1953ರಿಂದ ವೈದ್ಯಕೀಯ ಕಾಲೇಜು ಇರುವ ಜಿಲ್ಲೆ ನಮ್ಮದು. ಒಳ್ಳೆಯ ಸೂಕ್ಷ್ಮದರ್ಶಕ ನಮಗೆ ದೂರವೇನಲ್ಲ. ಆದರೆ ಆ ಸೂಕ್ಷ್ಮದರ್ಶಕದ ಮುಂದೆ ಕೂತವರ ಕೈಗೆ ಸಿಗುವುದು ಕಡಲೆಕಾಳಿನಷ್ಟು ತುಂಡು ಮತ್ತು ಅಂಗೈ ಅಗಲದ ಒಂದು ಚೀಟಿ. ರೋಗಿಯ ಮುಖ ಅವರಿಗೆ ಕಾಣುವುದಿಲ್ಲ. ಯೂರಿಕ್ ಆಮ್ಲದ ಹರಳಾದರೆ ತುಂಡು ಹಾಕಿಡುವ ಫಾರ್ಮಲಿನ್ನಿನಲ್ಲೇ ಕರಗಿಹೋಗುತ್ತದೆ, ಅದನ್ನು ಸ್ಪಿರಿಟ್ಟಿನಲ್ಲಿ ಕಳಿಸಬೇಕು. ಪೈರೊಫಾಸ್ಫೇಟ್ ಆದರೆ ಆಮ್ಲಕ್ಕೆ ಹಾಕದ ಚೂರೊಂದನ್ನು ಎತ್ತಿಡಬೇಕು. ಹಾಗೆ ಮಾಡಬೇಕೆಂದು ಅವರಿಗೆ ಹೊಳೆಯಬೇಕಾದರೆ, ಇದು ಸಂದಿನ ಪಕ್ಕದ ಗಂಟು, ಇಷ್ಟು ವರ್ಷದ್ದು, ಮಂಡಿಯೂ ಊದುತ್ತಿತ್ತು ಎಂಬ ನಾಲ್ಕು ಮಾತು ಆ ಚೀಟಿಯಲ್ಲಿ ಇರಬೇಕು.

ಹೋದ ತಿಂಗಳು ಪಕ್ಕದ ಮನೆಯ ಅಕ್ಕನಿಗೆ ಬೆರಳಿನ ಗೆಣ್ಣಿನ ಮೇಲೆ ಗಂಟು ಎದ್ದಿತ್ತು. ಮರುದಿನ ಆಸ್ಪತ್ರೆಗೆ ಹೊರಡುವವರಿದ್ದರು. ದೊಡ್ಡಮ್ಮ ಸಂಜೆ ನನ್ನನ್ನು ಕರೆದು ಕ್ಯಾಲೆಂಡರಿನ ಹಳೆಯ ಹಾಳೆ ಹರಿದು ಕೊಟ್ಟರು. ಅಕ್ಕನನ್ನು ಜಗಲಿಯಲ್ಲಿ ಎದುರು ಕೂರಿಸಿಕೊಂಡು ಒಂದೊಂದೇ ಕೇಳಿದರು: ಎಷ್ಟು ಸಮಯದಿಂದ, ಯಾವ ಬೆರಳು, ಬೆಳಿಗ್ಗೆ ನೋವು ಹೆಚ್ಚೋ ರಾತ್ರಿಯೋ, ಮಂಡಿ ಊದಿತ್ತೋ, ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತೋ. ನಾನು ಬರೆಯುತ್ತಾ ಹೋದೆ. ಹಾಳೆ ಮಡಚಿ ಕೊಡಲು ಹೊರಟಾಗ ದೊಡ್ಡಮ್ಮ ಕೈ ಹಿಡಿದು ತಡೆದರು. ಆ ಅಕ್ಕ ಹುಡುಗಿಯಾಗಿದ್ದಾಗ ಬಾವಿಯ ರಾಟೆಗೆ ಆ ಬೆರಳು ಸಿಕ್ಕಿದ್ದು ಅವರಿಗೆ ನೆನಪಾಗಿತ್ತು.

“ಅದೂ ಬರಿ ಮಗಾ,” ಅಂದರು. “ಹಳೇ ಪೆಟ್ಟೂ ಬರಿ.”